ರೂಮಿಗೆ ಐದು, ಬೇಲಿಗೆ ಸೊನ್ನೆ: ಬಂಡೀಪುರದ ಪಕ್ಕ ಎರಡು ರಾತ್ರಿ

ಮೊದಲು ಅಂಕ ಹೇಳಿಬಿಡುತ್ತೇನೆ, ಆಮೇಲೆ ಕಥೆ. ಹಾಸಿಗೆಗೆ ಐದಕ್ಕೆ ಐದು. ಊಟಕ್ಕೆ ನಾಲ್ಕು. ಬಾತ್‌ರೂಮಿಗೆ ಐದು. ದೀಪಕ್ಕೆ ಸೊನ್ನೆ, ಬೇಲಿಗೂ ಸೊನ್ನೆ.

ರೆಸಾರ್ಟ್ ಬಗ್ಗೆ ಬರೆಯುವಾಗ ಬೇಲಿಗೆ ಯಾಕೆ ಅಂಕ ಅಂತ ಕೇಳಬಹುದು. ನಾನು 33 ವರ್ಷ ಸರ್ವೇ ಇಲಾಖೆಯಲ್ಲಿ ಭೂಮಾಪಕನಾಗಿದ್ದವನು. ಹೊಸ ಜಾಗಕ್ಕೆ ಹೋದರೆ ಎಲ್ಲರೂ ಬೆಟ್ಟ, ಮೋಡ, ಸೂರ್ಯಾಸ್ತ ನೋಡುತ್ತಾರೆ. ನಾನು ಬಾಂದು ಕಲ್ಲು, ಅಂದರೆ ಜಮೀನಿನ ಗಡಿ ಕಲ್ಲು, ಎಲ್ಲಿದೆ ಅಂತ ಹುಡುಕುತ್ತೇನೆ. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ರಿಟೈರ್ ಆಗಿ ಆರು ವರ್ಷ ಆದರೂ ವಾಸಿಯಾಗಿಲ್ಲ.

ಮದುವೆಯಾಗಿ 35 ವರ್ಷ ಆಯ್ತು ಅಂತ ಬೆಂಗಳೂರಿನಲ್ಲಿರುವ ಮಗ ಎರಡು ರಾತ್ರಿಗೆ ಬುಕ್ ಮಾಡಿ ಕಳಿಸಿದ. ಒಂದು ರಾತ್ರಿಗೆ 9,500 ರೂಪಾಯಿ. ನಾನಾಗಿದ್ದರೆ ಅಷ್ಟು ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಜಾಗದ ಹೆಸರು ಬರೆಯುವುದಿಲ್ಲ, ಊರಿನ ಹೆಸರೂ ಬರೆಯುವುದಿಲ್ಲ. ಗುಂಡ್ಲುಪೇಟೆ ದಾಟಿ, ಕಾಡಿನ ಅಂಚಿನಲ್ಲಿ, ಅಷ್ಟು ಸಾಕು. ಹೆಸರು ಹಾಕಿದರೆ ಜಗಳ ಆ ಒಂದು ಜಾಗದ್ದಾಗುತ್ತೆ. ನಾನು ಹೇಳಬೇಕಾಗಿರುವುದು ಒಂದು ಜಾಗದ ವಿಷಯ ಅಲ್ಲ.

ಸಂಕ್ರಾಂತಿ ಕಳೆದ ವಾರ. ಮೈಸೂರು ಬಿಟ್ಟು ನಂಜನಗೂಡು, ಬೇಗೂರು, ಗುಂಡ್ಲುಪೇಟೆ. ರಸ್ತೆ ಬೆಣ್ಣೆ ಹಾಗಿದೆ. ಗುಂಡ್ಲುಪೇಟೆಯಲ್ಲಿ ಕೇರಳದ ದಾರಿ ಒಂದು ಕಡೆ, ಊಟಿ ದಾರಿ ಇನ್ನೊಂದು ಕಡೆ ಕವಲೊಡೆಯುತ್ತದೆ. ಎರಡೂ ಬಂಡೀಪುರದ ಕಾಡಿನೊಳಗೇ ಹೋಗುತ್ತವೆ, ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹೊಟ್ಟೆಗೆ ಒಂದಿಷ್ಟು ಹಾಕಿಕೊಳ್ಳೋಣ ಅಂತ ನಿಲ್ಲಿಸಿದ ಹೋಟೆಲಿನಲ್ಲಿ ಒಬ್ಬ ಲಾರಿ ಡ್ರೈವರು ಗೊಣಗುತ್ತಿದ್ದ, ಕಲ್ಲಿಕೋಟೆಗೆ ತರಕಾರಿ ತಲುಪಿಸಬೇಕಂತೆ, ಗೇಟು ಹಾಕುವುದರೊಳಗೆ ಹೊರಡಬೇಕಂತೆ. ಅವನ ಕಷ್ಟ ಅವನಿಗೆ. ಆದರೆ ಆ ಗೇಟಿನ ಬಗ್ಗೆ ನನಗೆ ಒಂದು ಸಣ್ಣ ಹೆಮ್ಮೆ ಇದೆ. ಅದು ದೆಹಲಿಯಲ್ಲಿ ಕೂತು ಮಾಡಿದ ಕಾನೂನಲ್ಲ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶ. ಹೊರಡಿಸಿದ್ದೇ ತಡ ಗಲಾಟೆ ಆಗಿ ವಾಪಸ್ ಆಯಿತು, ಹೈಕೋರ್ಟ್‌ಗೆ ಹೋಯಿತು, 2010ರಲ್ಲಿ ಹೈಕೋರ್ಟ್ ನಿರ್ಬಂಧವನ್ನು ಎತ್ತಿ ಹಿಡಿಯಿತು. ಈಗ ರಾತ್ರಿ ಹೊತ್ತು ಆಂಬುಲೆನ್ಸು, ಲೆಕ್ಕದ ಬಸ್ಸು ಬಿಟ್ಟರೆ ಬೇರೇನೂ ಓಡುವುದಿಲ್ಲ. ಜಿಲ್ಲೆಯ ಮಟ್ಟದ ಒಂದು ಕಾಗದ ಎಷ್ಟು ಕೆಲಸ ಮಾಡಬಹುದು ಅನ್ನುವುದಕ್ಕೆ ನಾನು ಇದನ್ನೇ ತೋರಿಸುತ್ತೇನೆ.

ಸರಿ, ಜಾಗಕ್ಕೆ ಬರೋಣ.

ಗೇಟಿನಲ್ಲಿ ಹಣೆಗೆ ಕುಂಕುಮ ಇಟ್ಟರು, ಕೈಗೆ ಬೆಲ್ಲದ ಪಾನಕ ಕೊಟ್ಟರು. ಪಾನಕ ಚೆನ್ನಾಗಿತ್ತು. ರೂಮು ದೊಡ್ಡದು, ಚೊಕ್ಕಟ. ಸೊಂಟನೋವಿರುವ ನನ್ನ ಹೆಂಡತಿ ಹಾಸಿಗೆ ಮೇಲೆ ಕೂತವಳೇ "ಇದನ್ನ ಎಲ್ಲಿ ತಗೊಂಡ್ರಂತೆ ಕೇಳಿ" ಅಂದಳು. ಮಧ್ಯಾಹ್ನದ ಊಟಕ್ಕೆ ಅವರೆಕಾಳಿನ ಹುಳಿ, ರಾಗಿ ಮುದ್ದೆ, ಹುರುಳಿ ಸಾರು ಇತ್ತು. ಹುರುಳಿ ಸಾರು ನಿಜವಾಗಿಯೂ ಮನೆಯದರ ಹಾಗೆ ಗಟ್ಟಿಯಾಗಿತ್ತು, ಬೆಳ್ಳುಳ್ಳಿ ಒಗ್ಗರಣೆ ಮೂಗಿಗೆ ಹೊಡೆಯುತ್ತಿತ್ತು. ಅಡಿಗೆಯವನು ಪಕ್ಕದ ಹಳ್ಳಿಯವನೇ. ಒಂದು ಅಂಕ ಕಳೆದಿದ್ದು ರಾತ್ರಿಯ ಊಟಕ್ಕೆ. ಅದರಲ್ಲಿ ಪಾಸ್ತಾ, ಮಂಚೂರಿ ಇತ್ತೇ ಹೊರತು ಮುದ್ದೆ ಇರಲಿಲ್ಲ. ಹುಡುಗರು ಮರ್ಯಾದಸ್ಥರು. ಟಿಪ್ಸ್‌ಗೆ ಕೈ ಚಾಚುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಗನಿಗೆ ಒಂದು ಥ್ಯಾಂಕ್ಸ್ ಹೇಳಿ ಸುಮ್ನೆ ಇರುತ್ತಿದ್ದೆ.

ಸಂಜೆ ಆರೂವರೆಗೆ ದೀಪ ಹಾಕಿದರು. ದೀಪ ಅಂದರೆ ದೀಪ ಅಲ್ಲ. ಕ್ರಿಕೆಟ್ ಮೈದಾನದಲ್ಲಿ ಇರುತ್ತವಲ್ಲ, ಅಂಥವು. ನಾಲ್ಕು ಮೂಲೆಗೆ ನಾಲ್ಕು ಕಂಬ, ಮುಖ ಹೊರಗಡೆಗೆ. "ಪ್ರಾಣಿ ಬಂದ್ರೆ ಗೆಸ್ಟ್‌ಗೆ ಕಾಣ್ಲಿ ಅಂತ ಸಾರ್" ಅಂದ ಹುಡುಗ. ಆ ಬೆಳಕಿಗೆ ಪ್ರಾಣಿ ಬರುವುದಾದರೂ ಹೇಗೆ? ಬೇಲಿಯ ಆಚೆ ಇನ್ನೂರು ಗಜ ದೂರದ ಹುಣಸೆಮರದ ಎಲೆ ಎಣಿಸಬಹುದಿತ್ತು. ಏಳೂವರೆಗೆ ಕ್ಯಾಂಪ್‌ಫೈರ್, ಅದರ ಜೊತೆಗೆ ಸ್ಪೀಕರು. ಬೆಂಗಳೂರಿನ ಯಾವುದೋ ಆಫೀಸಿನ ಹುಡುಗರು ಗುಂಪಾಗಿ ಬಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ದುಡ್ಡು ಕೊಟ್ಟಿದ್ದಾರೆ, ಕುಣಿದರು. ಒಂಬತ್ತು ಗಂಟೆಗೆ ಸರಿಯಾಗಿ ಹೆದ್ದಾರಿ ಗೇಟು ಮುಚ್ಚಿತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ನಮ್ಮ ಸ್ಪೀಕರು ಹನ್ನೊಂದರವರೆಗೆ ಓಡಿತು. ಲಾರಿಯವನು ಆನೆಗೋಸ್ಕರ ತರಕಾರಿ ನಿಲ್ಲಿಸಿ ಕೂತಿದ್ದಾನೆ, ನಾವಿಲ್ಲಿ ಡಿಜೆ.

ಈ ಜಾಗ ಪರಿಸರ ಸೂಕ್ಷ್ಮ ವಲಯದೊಳಗಿದೆ. ಬಂಡೀಪುರದ ಸುತ್ತ ಆ ವಲಯ ಘೋಷಣೆಯಾಗಿದ್ದು 2012ರ ಅಕ್ಟೋಬರ್‌ನಲ್ಲಿ, 123 ಹಳ್ಳಿ ಸೇರಿಸಿ. ನಾನಾಗ ಸರ್ವಿಸ್‌ನಲ್ಲಿದ್ದೆ. ಹಳ್ಳಿಗೆ ಹೋದರೆ ಸಾಕು, ಅಳತೆ ಆಮೇಲಾಗ್ಲಿ ಅಂತ ಜನ ಸುತ್ತುವರಿಯುತ್ತಿದ್ದರು. ಮನೆ ಕಟ್ಟೋ ಹಾಗಿಲ್ವಂತೆ, ಬೋರ್ ಹಾಕ್ಸೋ ಹಾಗಿಲ್ವಂತೆ, ಎಲ್ರನ್ನೂ ಒಕ್ಕಲೆಬ್ಬಿಸ್ತಾರಂತೆ. ಎಲ್ಲ ಅಂತೆಕಂತೆ. ಇಂಥ ಅಧಿಸೂಚನೆಗಳು ಊರಿನವರ ವ್ಯವಸಾಯಕ್ಕೆ, ವಾಸದ ಮನೆಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಹಸಿರು ಜಮೀನನ್ನು ಬೇರೆ ಕೆಲಸಕ್ಕೆ ತಿರುಗಿಸುವುದಕ್ಕೆ. ಗಣಿ ಬೇಡ, ಹೊಗೆ ಕಾರ್ಖಾನೆ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಪಟ್ಟಿಯ ಕೆಳಗೆ ಹೋದ ಹಾಗೆ ಸಣ್ಣ ಸಣ್ಣ ಸಾಲುಗಳು ಬರುತ್ತವೆ, ಅದನ್ನು ಯಾರೂ ಓದುವುದಿಲ್ಲ. ಹೋಟೆಲು ಲಾಡ್ಜುಗಳು ಹಾಕುವ ಬೇಲಿ. ರಾತ್ರಿ ವಾಹನಗಳ ಓಡಾಟ. ವ್ಯಾಪಾರಕ್ಕೆ ನೀರೆತ್ತುವುದು. ಇವೆಲ್ಲ "ನಿಯಂತ್ರಿತ" ಅನ್ನುವ ಕಾಲಂನಲ್ಲಿ ಇರುತ್ತವೆ. ನಿಯಂತ್ರಿತ ಅಂದರೆ ಯಾರೋ ಒಬ್ಬರು ಬಂದು ನೋಡಬೇಕು ಅಂತ ಅರ್ಥ, ಅಲ್ವಾ?

ರಾತ್ರಿ ಹೆಂಡತಿ ಮಲಗಲಿಲ್ಲ. ಪರದೆ ಎಳೆದರೂ ಬೆಳಕು ಸಂದಿಯಲ್ಲಿ ನುಗ್ಗುತ್ತಿತ್ತು. ಕೊನೆಗೆ ನನ್ನ ಪಂಚೆಯನ್ನು ಕಿಟಕಿಗೆ ಸಿಕ್ಕಿಸಿದೆ.

ಬೆಳಿಗ್ಗೆ ಆರಕ್ಕೆ ಎದ್ದು ಬೇಲಿ ಸುತ್ತ ನಡೆದೆ. ಮಂಜು ಇನ್ನೂ ನೆಲಕ್ಕೆ ಅಂಟಿಕೊಂಡಿತ್ತು. ಬೇಲಿ ಅಂದರೆ ಎರಡು ಸುತ್ತು. ಹೊರಗೆ ಆರೆಳೆ ಸೋಲಾರ್ ತಂತಿ, ಒಳಗೆ ಆಳೆತ್ತರದ ಜಾಲರಿ, ಕಂಬಗಳಿಗೆ ಕಾಂಕ್ರೀಟು. ಈಶಾನ್ಯ ಮೂಲೆಯಲ್ಲಿ ಒಂದು ಕಂಬದ ಬುಡದಲ್ಲಿ ಕಲ್ಲು ಕಂಡಿತು. ಬಾಂದು ಕಲ್ಲು. ಅರ್ಧ ಕಾಂಕ್ರೀಟಿನಲ್ಲಿ ಹೂತುಹೋಗಿದೆ. ನನಗೆ ಹಳೇ ಸ್ನೇಹಿತನನ್ನು ಕಂಡ ಹಾಗಾಯಿತು. ಅಲ್ಲೇ ಕೂತೆ.

ಅಲ್ಲಿಂದ ನೋಡಿದರೆ ನೆಲ ಸ್ವಲ್ಪ ತಗ್ಗಾಗಿ, ಉದ್ದಕ್ಕೆ ಒಳಗಡೆ ಹೋಗಿದೆ. ಬೇಲಿಯ ಹೊರಗೆ ಎರಡೂ ಬದಿ ಹಳ್ಳ. ಬೇಲಿಯ ಒಳಗೆ ಹುಲ್ಲುಹಾಸು. ಅಂದರೆ ಹಳ್ಳ ಬೇಲಿಯವರೆಗೆ ಬಂದು ಮಾಯವಾಗಿ, ಆಚೆ ಬೇಲಿಯ ಹೊರಗೆ ಮತ್ತೆ ಹುಟ್ಟಿದೆ. ಹತ್ತಿರ ಹೋಗಿ ನೋಡಿದೆ. ಮೂರಡಿಯ ಸಿಮೆಂಟ್ ಹ್ಯೂಮ್ ಪೈಪು ಹಾಕಿ ಮೇಲೆ ಮಣ್ಣು ತುಂಬಿದ್ದಾರೆ. ಹಿಂದಿನ ರಾತ್ರಿ ಹುಡುಗರು ಕುಣಿದಿದ್ದು ಹಳ್ಳದ ಮೇಲೆ. ಹಳ್ಳ ಅನ್ನುವುದು 'ಬಿ' ಖರಾಬು. ಯಾರ ಪಹಣಿಯಲ್ಲಿದ್ದರೂ ಅದು ಯಾರ ಸ್ವತ್ತೂ ಅಲ್ಲ, ಸಾರ್ವಜನಿಕ. ಹೊರಗಿನ ಹಳ್ಳದ ಅಗಲವನ್ನು ಹೆಜ್ಜೆಯಲ್ಲಿ ಅಳೆದೆ. ನನ್ನ ಹೆಜ್ಜೆ ಎರಡೂವರೆ ಅಡಿ. 18 ಹೆಜ್ಜೆ, 45 ಅಡಿ. ನಮ್ಮ ಹಳೇ ಸರಪಳಿ 33 ಅಡಿ, ಹದಿನಾರು ಆಣೆ. ಆ ಲೆಕ್ಕದಲ್ಲಿ ಒಂದು ಸರಪಳಿ ಆರು ಆಣೆ ಅಗಲದ ದಾರಿಯನ್ನು ಮೂರಡಿ ಪೈಪಿಗೆ ಇಳಿಸಿದ್ದಾರೆ. ನೀರೇನೋ ಹೋಗುತ್ತೆ.

ಹೋಗದೆ ಇದ್ದದ್ದು ಏನು ಅಂತ ಮಣ್ಣಿನಲ್ಲೇ ಬರೆದಿತ್ತು. ಹಳ್ಳದ ಮರಳಿನಲ್ಲಿ ಆನೆ ಹೆಜ್ಜೆ. ಹಳ್ಳದ ನಡುವೆ ನೆಟ್ಟಗೆ ಬಂದಿದೆ, ತಂತಿಗೆ ಹತ್ತಡಿ ಇರುವಾಗ ನಿಂತಿದೆ. ನಿಂತ ಕಡೆ ಹೆಜ್ಜೆ ಮೇಲೆ ಹೆಜ್ಜೆ ಬಿದ್ದು ಮರಳು ಕಲೆಸಿಹೋಗಿದೆ. ಲದ್ದಿ ಇನ್ನೂ ಹಸಿ. ಅಲ್ಲಿಂದ ಬೇಲಿಯ ಪಕ್ಕದಲ್ಲೇ ಬಲಕ್ಕೆ ತಿರುಗಿ, ದಡ ಹತ್ತಿ, ಪಕ್ಕದ ಹೊಲಕ್ಕೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡು ಮಾಡಿದರೆ ಆನೆಯ ಭುಜದ ಎತ್ತರ ಬರುತ್ತೆ ಅನ್ನುವುದು ಹಳೇ ಲೆಕ್ಕ. ಹೆಗಲ ಮೇಲಿದ್ದ ಟವೆಲನ್ನು ಹೆಜ್ಜೆಯ ಸುತ್ತ ಇಟ್ಟು ನೋಡಿದೆ. ನಾಲ್ಕು ಅಡಿಗೆ ಎರಡು ಬೆರಳು ಕಮ್ಮಿ. ಎಂಟಡಿ ಹತ್ತಿರದ ಹೆಣ್ಣಾನೆ ಇರಬೇಕು, ಯಾಕೆಂದರೆ ಪಕ್ಕದಲ್ಲಿ ತಿಂಡಿ ತಟ್ಟೆಯಷ್ಟಗಲದ ಇನ್ನೊಂದು ಜೋಡಿ ಇತ್ತು. ಮರಿ. ಅದು ದಡ ಹತ್ತುವಾಗ ಎರಡು ಸಲ ಜಾರಿದೆ, ಮಣ್ಣು ಉದ್ದಕ್ಕೆ ಕೆರೆದಿತ್ತು.

ಪಕ್ಕದ ಹೊಲದಲ್ಲಿ ಟೊಮೆಟೊ. ಕೋಲು ಕಟ್ಟಿದ ಸಾಲುಗಳು, ಅವುಗಳ ನಡುವೆ ಒಂದು ರಸ್ತೆಯೇ ಆಗಿಬಿಟ್ಟಿತ್ತು. ಹೊಲದವನು ಮುರಿದ ಕೋಲುಗಳನ್ನು ಒಂದೊಂದಾಗಿ ಎತ್ತಿ ಬದುವಿನ ಮೇಲೆ ಹಾಕುತ್ತಿದ್ದ. ಸುಮಾರು ಐವತ್ತು ವರ್ಷದ ಮನುಷ್ಯ. ಫೋಟೋ ತೆಗೆಯಲು ಬಂದ ಗೆಸ್ಟು ಅಂದುಕೊಂಡು ಮೊದಲು ಮಾತಾಡಲಿಲ್ಲ. ನಾನು ಸರ್ವೇಯರ್ ಆಗಿದ್ದೆ ಅಂದ ಮೇಲೆ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ.

"ಮೊದ್ಲು ಹಳ್ಳದ ಒಳ್ಗೇ ಇಳ್ದು ಹೊಂಟೋಗವು ಸಾ. ನಾವು ನೋಡ್ತಾನೂ ಇರ್ಲಿಲ್ಲ. ಈಗ ತಂತಿ ಕಂಡು ನಮ್ ಹೊಲಕ್ಕ ತಿರುಗ್ತವ. ಬಂದ್ ಆನ ಬಂದೇ ಬತ್ತದ, ಅದು ಎಲ್ಗಾರೂ ಹೋಗ್ಲೇಬೇಕಲ್ಲ."

ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದಾನೆ, ಪರಿಹಾರ ಬರುತ್ತೆ, ಬರುವಾಗ ಬರುತ್ತೆ. ಫೋನಿನಲ್ಲಿ ಹೋದ ತಿಂಗಳಿನ ಫೋಟೋ ತೋರಿಸಿದ. ಅದೇ ಹೊಲ, ಅದೇ ಸಾಲು. ಒಂಬತ್ತೂವರೆ ಸಾವಿರ ಕೊಟ್ಟು ನಾನು ಮಲಗಿದ್ದ ರಾತ್ರಿಗೆ ಇನ್ನೊಂದು ಬಿಲ್ ಇಲ್ಲಿ ಬಿದ್ದಿತ್ತು.

ತಿಂಡಿ ಆದ ಮೇಲೆ ಮ್ಯಾನೇಜರ್ ಹತ್ತಿರ ಹೋದೆ. ಜಗಳಕ್ಕಲ್ಲ. ದೀಪ ಒಳಗಡೆಗೆ ತಿರುಗಿಸಿ, ಬೇಲಿಯನ್ನು ಹಳ್ಳದಿಂದ ಹಿಂದಕ್ಕೆ ತೆಗೆದುಕೊಳ್ಳಿ ಅಂತ ಹೇಳೋಣ ಅಂತ. ಒಳ್ಳೆ ಹುಡುಗ, ಇಪ್ಪತ್ತೆಂಟು ಇರಬಹುದು. ಸರ್ವೇ ಇಲಾಖೆ ಅಂದ ಕೂಡಲೇ ಎದ್ದು ನಿಂತ. "ರಿಟೈರ್ಡ್ ಕಣಪ್ಪಾ" ಅಂದೆ. ಕೂತ. "ಎಲ್ಲಾ ಲೀಗಲ್ ಸಾರ್" ಅಂತ ಫೈಲನ್ನೇ ತಂದು ಮುಂದಿಟ್ಟ. ನನಗೆ ಫೈಲ್ ತೋರಿಸುವುದು ಅಂದರೆ ಸಕ್ಕರೆ ಕಾಯಿಲೆಯವನಿಗೆ ಮೈಸೂರುಪಾಕು ತೋರಿಸಿದ ಹಾಗೆ.

ಫೈಲು ಸರಿಯಾಗಿಯೇ ಇತ್ತು. ತಮಾಷೆ ಇರುವುದೇ ಅಲ್ಲಿ. ಭೂ ಕಂದಾಯ ಕಾಯಿದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆದೇಶ, ಅದೂ 2012ಕ್ಕಿಂತ ಹಿಂದಿನದು. ಪಂಚಾಯ್ತಿ ಲೈಸೆನ್ಸು. ಕಂದಾಯ ಕಟ್ಟಿದ ರಸೀದಿ. ಸರ್ವೇ ಸ್ಕೆಚ್ಚು. ಸ್ಕೆಚ್ಚಿನಲ್ಲಿ ಹಳ್ಳ ಇದೆ, ನೀಟಾಗಿ ಗುರುತು ಮಾಡಿದ್ದಾರೆ. ಆದೇಶದ ಹಿಂದಿನ ಪುಟದಲ್ಲಿ ಷರತ್ತು ಇದೆ, ಹಳ್ಳಕ್ಕೆ ಅಡ್ಡಿ ಮಾಡಬಾರದು ಅಂತ. ಕಾಗದದ ಮೇಲೆ ಹಳ್ಳ ಇವತ್ತಿಗೂ ಹರಿಯುತ್ತಿದೆ. ಷರತ್ತು ಹಾಕಿದವರು ಆಮೇಲೆ ಬಂದು ನೋಡಿಲ್ಲ, ಅಷ್ಟೇ. ಸ್ಕೆಚ್ಚಿನ ಕೆಳಗಿನ ಸಹಿ ನನ್ನದಲ್ಲ, ಪುಣ್ಯ. ಆದರೆ ಅದೇ ತರದ ಸ್ಕೆಚ್ಚಿಗೆ ನಾನು ಎಷ್ಟು ಸಲ ಸಹಿ ಹಾಕಿದ್ದೇನೋ.

ಒಂದು ಸಲದ್ದು ಮರೆತಿಲ್ಲ. ಕಾಡಂಚಿನ ಒಂದು ಹಳ್ಳಿಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಭಾಗ. ಜಮೀನು ಭಾಗ ಮಾಡುವಾಗ ಬೇಕಾಗುವ 11ಇ ನಕ್ಷೆ ಮಾಡಲು ಹೋಗಿದ್ದೆ. ಜಮೀನಿನ ನಡುವೆ ಒಂದು ಪಟ್ಟಿ ಉಳದೆ ಬಿಟ್ಟಿದ್ದರು, ಗಿಡಗಂಟಿ ಬೆಳೆದಿತ್ತು. ಅವರ ಅಜ್ಜ ಕೋಲೂರಿಕೊಂಡು ಬಂದು, "ಸಾ, ಅದು ಆನ ದಾರಿ, ಅದ್ನ ಹಂಗೇ ಬುಟ್ಬುಡಿ" ಅಂದರು. ನಾನು ನಕ್ಕೆ. "ಆನೆ ಹೆಸರಿಗೆ ಪಹಣಿ ಇದ್ಯಾ ಅಜ್ಜಾ?" ಅಂದೆ. ಮೊಮ್ಮಕ್ಕಳೂ ನಕ್ಕರು. ಆ ಪಟ್ಟಿಯನ್ನು ಅಡ್ಡಡ್ಡ ನಾಲ್ಕು ಸಮಪಾಲು ಮಾಡಿ ಕೈತೊಳೆದುಕೊಂಡೆ. ಅಳತೆ ಒಂದು ಆಣೆ ಆಚೀಚೆ ಇರಲಿಲ್ಲ.

ನಮ್ಮ ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿಗೆ ಗುರುತಿದೆ. ಕಾಲು ದಾರಿಗೆ ಇದೆ. ಹಳ್ಳ, ಕೆರೆ, ಬಾವಿ, ಗುಡಿ, ಸ್ಮಶಾನ, ಎಲ್ಲದಕ್ಕೂ ಇದೆ. ಬಂಡಿ ದಾರಿಗೆ ಯಾರಾದರೂ ಬೇಲಿ ಹಾಕಿದರೆ ಊರೇ ತಾಲ್ಲೂಕು ಕಚೇರಿಗೆ ಬರುತ್ತೆ, ತಹಸೀಲ್ದಾರರು ಬಂದು ತೆಗೆಸುತ್ತಾರೆ. ಯಾಕೆ? ನಕ್ಷೆಯಲ್ಲಿ ಗೆರೆ ಇದೆ, ಅದಕ್ಕೆ. ಆನೆ ದಾರಿಗೆ ಗೆರೆ ಇಲ್ಲ. ಪಂಚಾಯ್ತಿಯವರು ಖಾತೆ, ಕಂದಾಯ ನೋಡುತ್ತಾರೆ. ನಾವು ಗಡಿ ನೋಡುತ್ತೇವೆ. ತಾಲ್ಲೂಕು ಕಚೇರಿ ಪಹಣಿ ನೋಡುತ್ತೆ. ಅರಣ್ಯದವರು ಕಾಡಿನ ಗಡಿಯಿಂದ ಎಷ್ಟು ದೂರ ಅಂತ ಕೇಳುತ್ತಾರೆ. ಪ್ರಾಣಿ ಎಲ್ಲಿ ನಡೆಯುತ್ತೆ ಅಂತ ಬರೆಯಲು ನಾನು ಸರ್ವಿಸ್‌ನಲ್ಲಿ ತುಂಬಿದ ಯಾವ ಫಾರಂನಲ್ಲೂ ಕಾಲಂ ಇರಲಿಲ್ಲ.

ದಾರಿ ಎಲ್ಲಿದೆ ಅಂತ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ದೇಶದ ಆನೆ ಕಾರಿಡಾರುಗಳನ್ನು ಪಟ್ಟಿ ಮಾಡಿದ್ದಾರೆ. 2017ರ ಪಟ್ಟಿಯಲ್ಲಿ 101 ಇದ್ದವು, 2023ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ವರದಿಯಲ್ಲಿ 150. ಗುಂಡ್ಲುಪೇಟೆ ತಾಲ್ಲೂಕಿನದೇ ಒಂದಿದೆ, ಕಣಿಯನಪುರ–ಮೋಯಾರ್. ಒಂದು ಕಡೆ ಮೋಯಾರ್ ಕಮರಿ, ಇನ್ನೊಂದು ಕಡೆ ಹಳ್ಳಿ ಮತ್ತು ಹೊಲ, ನಡುವೆ ಉಳಿದಿರುವ ಕಿರಿದಾದ ಪಟ್ಟಿ. ಕೊಳ್ಳೇಗಾಲದ ಕಡೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಅಂತ ಇದೆ, ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಮಲೆ ಮಹದೇಶ್ವರ ಬೆಟ್ಟದ ಕಾಡನ್ನೂ ಸೇರಿಸುವ ದಾರಿ. ಅಲ್ಲಿ ಒಂದು ಸಂಸ್ಥೆ ರೈತರಿಂದ 25 ಎಕರೆ ಚಿಲ್ಲರೆ ಕ್ರಯಕ್ಕೆ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆಗ ನಮ್ಮ ಆಫೀಸಿನಲ್ಲಿ ಟೀ ಕುಡಿಯುತ್ತಾ, "ನೋಡ್ರಪ್ಪಾ, ಕೊನೆಗೂ ಆನೆಗೆ ಜಮೀನು ಆಯ್ತು" ಅಂತ ಆಡಿಕೊಂಡಿದ್ದೆವು. ಆ ವರದಿಗಳ ಗೆರೆ ವರದಿಯಲ್ಲೇ ಉಳಿದರೆ ಪಂಚಾಯ್ತಿ ಅಧಿಕಾರಿ ಪಿಡಿಓ ಟೇಬಲ್ಲಿಗೆ ಬರುವುದಿಲ್ಲ. ಸರ್ವೆ ನಂಬರಿನ ಮೇಲೆ ಕೂರಬೇಕು.

ಕೂರಿಸುವಾಗ ಕಡಿಮೆ ಮಾಡುವುದೂ ಉಂಟು. ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84. ಪೇಪರಿನಲ್ಲಿ ಓದಿದಾಗ ಅಭ್ಯಾಸಬಲದಿಂದ ಎಕರೆಗೆ ತಿರುಗಿಸಿದೆ. ಸುಮಾರು 24,700 ಎಕರೆ ಹೊರಗೆ ಹೋಗಿತ್ತು. ನಾನು ಇಡೀ ಸರ್ವಿಸ್‌ನಲ್ಲಿ ಅಳೆದ ಜಮೀನು ಅಷ್ಟು ಆಗಿರಲಾರದು.

ಮ್ಯಾನೇಜರ್ ಹುಡುಗ ಪಾಪ, "ನಾವೊಬ್ರೇನಾ ಸಾರ್, ಸುತ್ತಮುತ್ತ ಎಲ್ರದ್ದೂ ಹಿಂಗೇ ಇದೆ" ಅಂದ. ನಿಜ ಇರಬಹುದು. ಅದಕ್ಕೇ ಅವನಿಗೆ ಮೋಯಾರ್ ಆಚೆಯ ಕಥೆ ಹೇಳಿದೆ. ಹೊಳೆ ದಾಟಿದರೆ ತಮಿಳುನಾಡಿನ ಸೀಗೂರು, ಮಸಿನಗುಡಿ, ಬೊಕ್ಕಾಪುರ. ಅಲ್ಲೂ ಎಲ್ರದ್ದೂ ಹಿಂಗೇ ಇತ್ತು. ತಮಿಳುನಾಡು ಸರ್ಕಾರ 2010ರಲ್ಲಿ ಆನೆ ಕಾರಿಡಾರ್ ಅಂತ ಘೋಷಿಸಿತು, ರೆಸಾರ್ಟಿನವರು ಕೋರ್ಟಿಗೆ ಹೋದರು, 2011ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಸೋತರು. 2018ರಲ್ಲಿ ಸುಪ್ರೀಂ ಕೋರ್ಟಿನ ಮಾತಿನ ಮೇಲೆ ರೆಸಾರ್ಟುಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾರಿಡಾರನ್ನೇ ಎತ್ತಿ ಹಿಡಿಯಿತು. ಅದಾಗಿ ಮೂರೇ ತಿಂಗಳು, 2021ರ ಜನವರಿಯಲ್ಲಿ, ಮಸಿನಗುಡಿಯಲ್ಲಿ ರೆಸಾರ್ಟಿನ ಕಡೆ ಬಂದ ಆನೆಯ ಮೇಲೆ ಉರಿಯುವ ಟೈರು ಎಸೆದ ವಿಡಿಯೋ ನೀವೂ ನೋಡಿರುತ್ತೀರಿ. ಆ ಆನೆ ಉಳಿಯಲಿಲ್ಲ. ಮೊದಲೇ ನಕ್ಷೆಯಲ್ಲಿ ಗೆರೆ ಹಾಕಿ, ಇಲ್ಲಿ ಕಟ್ಟಬೇಡಿ ಅಂದಿದ್ದರೆ ದುಡ್ಡು ಹಾಕಿದವರಿಗೂ ನಷ್ಟ ಇರುತ್ತಿರಲಿಲ್ಲ. ಕಟ್ಟಿದ ಮೇಲೆ ಕೆಡವುವುದು ಯಾರಿಗೂ ಒಳ್ಳೆಯದಲ್ಲ.

ನನ್ನ ಮಗಳು ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ವೆಂಚುರಾ ಕೌಂಟಿಯಲ್ಲಿದ್ದಾಳೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಹೋದಾಗ ಅವಳ ಬೀದಿಯ ಕೊನೆಯ ಮನೆಯವರು ಹಿತ್ತಲ ದೀಪಕ್ಕೆ ತಟ್ಟೆಯಂಥ ಮುಚ್ಚಳ ಹಾಕಿಸುತ್ತಿದ್ದರು. ಕೇಳಿದರೆ, ಅಲ್ಲಿನ ಜಿಲ್ಲಾ ಆಡಳಿತ 2019ರಲ್ಲಿ ಒಂದು ನಿಯಮ ಮಾಡಿದೆಯಂತೆ. ಇರುವ ವಲಯ ನಕ್ಷೆಯ ಮೇಲೆ ಇನ್ನೊಂದು ನಕ್ಷೆ ಹಾಸಿದ್ದಾರೆ, ಪ್ರಾಣಿಗಳ ಓಡಾಟದ ನಕ್ಷೆ. ಅದರೊಳಗೆ ಬರುವ ಜಮೀನಿನಲ್ಲಿ ಹೊರಗಿನ ದೀಪ ಹೇಗಿರಬೇಕು, ಬೇಲಿ ಎಂಥದ್ದಿರಬೇಕು, ಹಳ್ಳದಿಂದ ಎಷ್ಟು ದೂರ ಬಿಡಬೇಕು ಅಂತ ಬರೆದಿದ್ದಾರೆ. ಜಮೀನು ಕಿತ್ತುಕೊಂಡಿಲ್ಲ. ಅಲ್ಲಿ ಆನೆ ಎಲ್ಲಿ ಬರಬೇಕು, ಬೆಟ್ಟದ ಸಿಂಹ ಅನ್ನುವ ದೊಡ್ಡ ಬೆಕ್ಕಿಗೆ ಇಷ್ಟೆಲ್ಲ. ನಕ್ಷೆಯ ಮೇಲೆ ನಕ್ಷೆ ಅನ್ನುವ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮಲ್ಲಿ ಅದಕ್ಕೆ ಬೇಕಾದ್ದೆಲ್ಲ ಇದೆ. ಸರ್ವೆ ನಂಬರ್ ಇದೆ, ಕಂಪ್ಯೂಟರಿನಲ್ಲಿ ನಕ್ಷೆ ಇದೆ, ಪರಿಸರ ಸೂಕ್ಷ್ಮ ವಲಯಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿ ಅನ್ನುವ ಮಾತೂ ಇದೆ. ಕೋಲೂರಿಕೊಂಡು ಬರುವ ಅಜ್ಜಂದಿರು ಕಡಿಮೆಯಾಗುತ್ತಿದ್ದಾರೆ, ಅವರನ್ನು ಕೇಳಿಕೊಂಡು ಬೇಗ ಮಾಡಬೇಕು.

ಮ್ಯಾನೇಜರ್ ದೀಪದ ವಿಷಯ ಓನರ್‌ಗೆ ಹೇಳ್ತೀನಿ ಅಂದ. ಎರಡನೇ ರಾತ್ರಿಯ ದುಡ್ಡು ವಾಪಸ್ ಕೇಳಿದೆ, ಪಾಲಿಸಿ ಇಲ್ಲ ಅಂದ. ಮಗನಿಗೆ ಫೋನ್ ಮಾಡಿದೆ. "ಅಪ್ಪಾ, ಅಲ್ಲೂ ಹೋಗಿ ಅಳತೆ ಮಾಡಿದ್ರಾ?" ಅಂದ. ಹೆಂಡತಿ ಬ್ಯಾಗು ಕಟ್ಟಿ ಆಗಲೇ ಕಾರಿನ ಹತ್ತಿರ ನಿಂತಿದ್ದಳು. ಒಂಬತ್ತೂವರೆ ಸಾವಿರ ಹೋಯಿತು. ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ.

ಟೊಮೆಟೊ ಹೊಲದವನೇ ತನ್ನ ಅಕ್ಕನ ಮನೆ ತೋರಿಸಿದ, ನಾಲ್ಕು ಕಿಲೋಮೀಟರ್ ಆಚೆ. ತೋಟದ ಮನೆ, ಎರಡು ರೂಮು ಹೊರಗಿನವರಿಗೆ ಕೊಡುತ್ತಾರೆ. ಇಬ್ಬರಿಗೂ ಊಟ ಸೇರಿ 1,800 ರೂಪಾಯಿ. ಇದಕ್ಕೂ ಅಂಕ ಹೇಳುತ್ತೇನೆ. ರೂಮಿಗೆ ಮೂರು, ಗೋಡೆಗೆ ಸುಣ್ಣ ಬಳಿದು ಎಷ್ಟೋ ಕಾಲ ಆಗಿದೆ. ಬಿಸಿನೀರಿಗೆ ಐದು, ಹಂಡೆ ಒಲೆ, ಸೌದೆ ಹೊಗೆಯ ವಾಸನೆ ಬರುವ ನೀರು. ಟಾಯ್ಲೆಟ್ಟು ಹೊರಗಿದೆ, ವಯಸ್ಸಾದವರು ಯೋಚಿಸಿ. ಊಟಕ್ಕೆ ಐದು. ಬಿಸಿ ಮುದ್ದೆ, ಸೊಪ್ಪಿನ ಸಾರು, ಹುರುಳಿ ಕಾಳಿನ ಉಸಲಿ, ಮೇಲೆ ಮಜ್ಜಿಗೆ. ಆ ತಾಯಿ ಪಕ್ಕದಲ್ಲೇ ಕೂತು "ಇನ್ನೊಂದ್ ಚೂರು ಹಾಕ್ಕಳಿ" ಅಂತ ಬಡಿಸಿದರು. ದಿಂಬಿಗೆ ಒಂದು. ಬೂರುಗದ ಹತ್ತಿ ಗಂಟುಕಟ್ಟಿ ಕಲ್ಲಾಗಿದೆ.

ಆ ಮನೆಯ ಹಿಂದೆಯೂ ಹಳ್ಳ ಇದೆ. ಹಳ್ಳದ ಎರಡೂ ಬದಿ ಹತ್ತಡಿ ಏನೂ ಬಿತ್ತದೆ ಬಿಟ್ಟಿದ್ದಾರೆ, ಬೇಲಿಯೂ ಇಲ್ಲ. ಪ್ರಾಣಿ ಪ್ರೀತಿಯಾ ಅಂತ ಕೇಳಿದೆ. ಆಕೆಯ ಗಂಡ ನಕ್ಕರು. "ಪ್ರೀತಿ ಎಲ್ಲಿದ್ದು ಸಾ. ಬಿತ್ತುದ್ರೆ ತುಳ್ದಾಕ್ತವ, ಬೀಜದ ಕಾಸೂ ದಂಡ." ತೋಟಕ್ಕೆ ಮಾತ್ರ, ಮನೆಯ ಮುಂದಿನ ಕಡೆ, ಒಂದೆಳೆ ಸೋಲಾರ್ ತಂತಿ.

ಎಂಟೂವರೆಗೆ ದೀಪ ಆರಿಸಿದರು. ಜಗುಲಿಯಲ್ಲಿ ಒಂದು ಸೊನ್ನೆ ಕ್ಯಾಂಡಲ್ ಬಲ್ಬು, ಅದನ್ನೂ ಹತ್ತಕ್ಕೆ ತೆಗೆದರು. ಎಷ್ಟು ಕತ್ತಲೆ ಅಂದರೆ ಕೈ ಮುಂದಿಟ್ಟರೆ ಕಾಣುತ್ತಿರಲಿಲ್ಲ. ಹೆಂಡತಿ ಹತ್ತು ನಿಮಿಷದಲ್ಲಿ ಗೊರಕೆ ಹೊಡೆದಳು. ನನಗೆ ದಿಂಬಿನ ದೆಸೆಯಿಂದ ನಿದ್ದೆ ಬರಲಿಲ್ಲ. ಎರಡು ಗಂಟೆ ಆಗಿತ್ತೇನೋ, ಹಿಂದುಗಡೆ ಒಂದು ಕೊಂಬೆ ಲಟಕ್ಕನೆ ಮುರಿಯಿತು. ನಾಯಿ ಒಂದೇ ಸಲ ಬೊಗಳಿ ಸುಮ್ಮನಾಯಿತು. ನಾನು ಟಾರ್ಚಿಗೆ ಕೈ ಹಾಕಿದ್ದು ಹೇಗೆ ಗೊತ್ತಾಯಿತೋ, ಆಚೆ ಕೋಣೆಯಿಂದ ಆ ತಾಯಿಯ ದನಿ ಬಂತು. "ಬೆಳಕ ಬುಡಬ್ಯಾಡಿ ಸಾ. ಹೋಯ್ತವ."

ಕಿಟಕಿಯ ಹತ್ತಿರ ನಿಂತೆ. ಕಾಣಿಸಿದ್ದು ಏನೂ ಇಲ್ಲ. ಹಳ್ಳದ ಕಲ್ಲಿನ ಮೇಲೆ ಭಾರವಾದ ಏನೋ ಕಾಲಿಟ್ಟ ಸದ್ದು, ಮೂಗಿನಿಂದ ಗಾಳಿ ಬಿಟ್ಟ ಸದ್ದು, ಆಮೇಲೆ ಸೊಪ್ಪು ಸರಸರ ಅಂದು ದೂರ ಹೋದದ್ದು. ಹೆಚ್ಚು ಅಂದರೆ ಐದು ನಿಮಿಷ. ಬೆಳಿಗ್ಗೆ ಟವೆಲ್ ತೆಗೆದುಕೊಂಡು ಹಳ್ಳಕ್ಕೆ ಇಳಿದೆ. ನಾಲ್ಕು ಅಡಿಗೆ ಎರಡು ಬೆರಳು ಕಮ್ಮಿ, ಪಕ್ಕದಲ್ಲಿ ತಿಂಡಿ ತಟ್ಟೆಯಷ್ಟಗಲದ್ದು. ಅದೇ ತಾಯಿಮರಿ ಅಂತ ಪ್ರಮಾಣ ಮಾಡಲಾರೆ. ಹೆಜ್ಜೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ನಿಂತಿರಲಿಲ್ಲ.

ಹೋಗುವವರಿಗೆ ಎರಡು ಮಾತು. ಬುಕ್ ಮಾಡುವ ಮೊದಲು ಫೋನ್ ಮಾಡಿ, ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತೀರಿ ಅಂತ ಕೇಳಿ. ಸ್ವಿಮ್ಮಿಂಗ್ ಪೂಲ್ ಇದೆಯಾ ಅಂತ ಕೇಳುವವರು ಇದನ್ನೂ ಕೇಳಬಹುದು, ಅಲ್ವಾ. ತೋಟದ ಮನೆಗೆ ಹೋಗುವುದಾದರೆ ಸಂಜೆ ಆರರೊಳಗೆ ತಲುಪಿ, ಮುದ್ದೆ ತಿನ್ನಲು ಹೊಟ್ಟೆ ಖಾಲಿ ಇಟ್ಟುಕೊಳ್ಳಿ. ದಿಂಬು ಮಾತ್ರ ನಿಮ್ಮದೇ ತೆಗೆದುಕೊಂಡು ಹೋಗಿ.